ನೋಡುವವರು ಯಾರು?

1989ರಲ್ಲಿ ಜಪಾನಿನ ಹಿಟಾಚಿ ಕಂಪನಿಯ ಸಂಶೋಧನಾಲಯದಲ್ಲಿ ಅಕಿರಾ ಟೊನೊಮುರಾ ಮತ್ತು ಸಂಗಡಿಗರು ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಬಿಟ್ಟು, ಅವು ಪರದೆಯ ಮೇಲೆ ಬೀಳುವುದನ್ನು ಚಿತ್ರೀಕರಿಸಿದರು. ಪ್ರತಿ ಎಲೆಕ್ಟ್ರಾನಿಗೂ ಪರದೆ ತಲುಪಲು ಎರಡು ದಾರಿಗಳಿದ್ದವು. ಮೊದಲ ಚುಕ್ಕೆಗಳು ಎರಚಿದ ಹಾಗೆ ಎಲ್ಲೆಂದರಲ್ಲಿ ಬಿದ್ದವು. ನೂರಾರು ಬಿದ್ದಾಗಲೂ ಏನೂ ಗೊತ್ತಾಗಲಿಲ್ಲ. ಸಾವಿರಗಳು ದಾಟಿದ ಮೇಲೆ ಮಬ್ಬುಮಬ್ಬಾಗಿ ಪಟ್ಟೆಗಳು ಮೂಡಿದವು. ಸುಮಾರು 70,000 ಎಲೆಕ್ಟ್ರಾನುಗಳ ಹೊತ್ತಿಗೆ ಪಟ್ಟೆಗಳು ನಿಚ್ಚಳವಾದವು. ಇಂಥ ಪಟ್ಟೆ ಬರಬೇಕಾದರೆ ಎರಡು ದಾರಿಗಳಿಂದ ಬಂದ ಅಲೆಗಳು ಒಂದರ ಮೇಲೊಂದು ಸೇರಬೇಕು. ಆದರೆ ಉಪಕರಣದೊಳಗೆ ಒಂದು ಸಲಕ್ಕೆ ಇದ್ದದ್ದು ಒಂದೇ ಎಲೆಕ್ಟ್ರಾನ್. ಪ್ರಯಾಣ ಮಾಡಿದ್ದು ಅಲೆಯಾಗಿ, ಸಿಕ್ಕಿದ್ದು ಚುಕ್ಕೆಯಾಗಿ.

ಅದು ಯಾವ ದಾರಿಯಲ್ಲಿ ಬಂತೆಂದು ಪತ್ತೆಹಚ್ಚುವ ಏರ್ಪಾಡು ಮಾಡಿದರೆ ಪಟ್ಟೆಗಳು ಅಳಿಸಿಹೋಗುತ್ತವೆ. ಮನುಷ್ಯನ ಪ್ರಜ್ಞೆಗೂ ಕ್ವಾಂಟಂ ಯಂತ್ರಶಾಸ್ತ್ರಕ್ಕೂ ನಂಟು ಹಾಕುವ ಮಾತೆಲ್ಲ ಹೊರಟದ್ದು ಇಲ್ಲಿಂದ. ನೋಡಿದರೆ ಒಂದು ಥರ, ನೋಡದಿದ್ದರೆ ಇನ್ನೊಂದು ಥರ ಎಂದಮೇಲೆ, ನೋಡುವವನ ಮನಸ್ಸು ಪದಾರ್ಥದ ಮೇಲೆ ಕೈಯಾಡಿಸುತ್ತಿದೆ ಎನ್ನಿಸುವುದು ಸಹಜ. ಹಾಗೆ ಅನ್ನಿಸಿದ್ದು ಸಾಮಾನ್ಯ ಓದುಗರಿಗೆ ಮಾತ್ರವಲ್ಲ, ಇಪ್ಪತ್ತನೇ ಶತಮಾನದ ಅತಿ ಚುರುಕು ತಲೆಗಳಿಗೂ ಕೂಡ. ಆದ್ದರಿಂದ ಈ ವಾದವನ್ನು ತಳ್ಳಿಹಾಕುವ ಮುಂಚೆ ಅದನ್ನು ಅದರ ಅತ್ಯಂತ ಗಟ್ಟಿ ರೂಪದಲ್ಲಿ ನೋಡಬೇಕು.

ಗಟ್ಟಿ ರೂಪ ಕೊಟ್ಟವರು ಗಣಿತಜ್ಞ ಜಾನ್ ಫಾನ್ ನಾಯ್ಮನ್. 1932ರಲ್ಲಿ ಬಂದ ಅವರ ಗ್ರಂಥ ಕ್ವಾಂಟಂ ಸಿದ್ಧಾಂತಕ್ಕೆ ಗಣಿತದ ತಳಪಾಯ ಹಾಕಿತು. ಸಿದ್ಧಾಂತದಲ್ಲಿ ಎರಡು ಬೇರೆ ಬೇರೆ ನಿಯಮಗಳು ಅಡಗಿವೆ ಎಂದು ಅವರು ಎತ್ತಿ ತೋರಿಸಿದರು. ಒಂದು, 1926ರಲ್ಲಿ ಎರ್ವಿನ್ ಶ್ರೋಡಿಂಗರ್ ಕೊಟ್ಟ ಸಮೀಕರಣ. ಅದರ ಪ್ರಕಾರ ಎಲೆಕ್ಟ್ರಾನಿನ ಎಲ್ಲ ಸಾಧ್ಯತೆಗಳೂ ಒಟ್ಟಿಗೆ, ನಯವಾಗಿ, ಯಾವ ಜಿಗಿತವೂ ಇಲ್ಲದೆ ಸಾಗುತ್ತವೆ. ಇನ್ನೊಂದು, ಅಳತೆ ಮಾಡಿದಾಗ ಆ ಸಾಧ್ಯತೆಗಳಲ್ಲಿ ಒಂದೇ ಒಂದು ಉಳಿಯುತ್ತದೆ, ಉಳಿದವು ಇಲ್ಲವಾಗುತ್ತವೆ. ಇದನ್ನು ಅಲೆಯ ಕುಸಿತ ಎನ್ನುತ್ತಾರೆ. ಯಾವುದು ಉಳಿಯುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಎಷ್ಟು ಸಂಭವನೀಯತೆ ಎಂದಷ್ಟೇ ಹೇಳಬಹುದು. ಮೊದಲನೆಯ ನಿಯಮದಿಂದ ಎರಡನೆಯದನ್ನು ಹೊರಡಿಸಲು ಆಗುವುದಿಲ್ಲ.

ಹಾಗಾದರೆ ಎರಡನೆಯ ನಿಯಮ ಜಾರಿಗೆ ಬರುವುದು ಎಲ್ಲಿ? ಎಲೆಕ್ಟ್ರಾನ್ ಪತ್ತೆ ಉಪಕರಣಕ್ಕೆ ತಾಗಿದಾಗ ಎನ್ನೋಣ. ಆದರೆ ಉಪಕರಣವೂ ಪರಮಾಣುಗಳಿಂದಲೇ ಆದದ್ದು, ಮೊದಲ ನಿಯಮ ಅದಕ್ಕೂ ಅನ್ವಯಿಸಬೇಕು. ಅದರ ಮುಳ್ಳಿನಿಂದ ಹೊರಟ ಬೆಳಕು, ಬೆಳಕು ತಾಗಿದ ಕಣ್ಣಿನ ಅಕ್ಷಿಪಟಲ, ಅಲ್ಲಿಂದ ಮಿದುಳಿಗೆ ಹೋದ ನರ, ಎಲ್ಲವೂ ಪರಮಾಣುಗಳೇ. ಈ ಸರಪಳಿಯನ್ನು ಎಲ್ಲಿ ಬೇಕಾದರೂ ಕತ್ತರಿಸಬಹುದು, ಲೆಕ್ಕದ ಉತ್ತರ ಬದಲಾಗುವುದಿಲ್ಲ ಎಂದು ಫಾನ್ ನಾಯ್ಮನ್ ಸಾಧಿಸಿ ತೋರಿಸಿದರು.

ಅವರ ಗೆಳೆಯ, ಭೌತವಿಜ್ಞಾನಿ ಯೂಜೀನ್ ವಿಗ್ನರ್ ಸರಪಳಿಯ ಕೊನೆಯವರೆಗೂ ಹೋದರು. 1961ರಲ್ಲಿ ಅವರು ಮುಂದಿಟ್ಟ ಕಲ್ಪನೆ ಇದು. ನನ್ನ ಸ್ನೇಹಿತ ಮುಚ್ಚಿದ ಪ್ರಯೋಗಾಲಯದಲ್ಲಿ ಕೂತು, ಒಂದು ಬೆಳಕಿನ ಮಿಂಚು ಕಾಣುತ್ತದೋ ಇಲ್ಲವೋ ಎಂದು ನೋಡುತ್ತಿದ್ದಾನೆ. ನಾನು ಹೊರಗಿದ್ದೇನೆ. ನನ್ನ ಲೆಕ್ಕದಲ್ಲಿ ಪ್ರಯೋಗಾಲಯವಿಡೀ, ಸ್ನೇಹಿತನೂ ಸೇರಿ, ‘ಮಿಂಚು ಕಂಡ’ ಮತ್ತು ‘ಮಿಂಚು ಕಾಣದ’ ಸ್ಥಿತಿಗಳ ಬೆರಕೆಯಲ್ಲಿದೆ. ಬಾಗಿಲು ತೆರೆದು ಕೇಳಿದರೆ ಅವನು, ‘ನೀನು ಕೇಳುವ ಮುಂಚೆಯೇ ನನಗೆ ಗೊತ್ತಿತ್ತಲ್ಲ’ ಎನ್ನುತ್ತಾನೆ. ಸ್ನೇಹಿತನ ಮನಸ್ಸು ಅಷ್ಟು ಹೊತ್ತು ಎರಡರ ನಡುವೆ ತೂಗಾಡುತ್ತಿತ್ತು ಎನ್ನುವುದು ವಿಗ್ನರ್ ಅವರಿಗೆ ಅಸಂಬದ್ಧವೆನಿಸಿತು. ಆದ್ದರಿಂದ ಎರಡನೆಯ ನಿಯಮ ಜಾರಿಗೆ ಬರುವ ಜಾಗ ಪ್ರಜ್ಞೆಯೇ ಇರಬೇಕು ಎಂದು ಅವರು ತೀರ್ಮಾನಿಸಿದರು. ಎರಡು ವರ್ಷದ ಬಳಿಕ ಅವರಿಗೆ ಬೇರೊಂದು ಕೆಲಸಕ್ಕೆ ನೊಬೆಲ್ ಬಂತು. ಇಂಥ ಒಬ್ಬರು ಹೇಳಿದ ಮಾತನ್ನು ಜಗತ್ತು ಕಿವಿಗೊಟ್ಟು ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ವಿಯೆನ್ನಾಕ್ಕೆ ಬರೋಣ. ಅಲ್ಲಿನ ವಿಶ್ವವಿದ್ಯಾಲಯದ ತಂಡವೊಂದು 2004ರಲ್ಲಿ ಮಾಡಿದ ಪ್ರಯೋಗಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ. ಈ ವಿಷಯದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಒಪ್ಪಿಸಿದ್ದು ಅದೇ. ಅವರು ಬಳಸಿದ್ದು ಎಲೆಕ್ಟ್ರಾನುಗಳನ್ನಲ್ಲ, 70 ಇಂಗಾಲದ ಪರಮಾಣುಗಳು ಸೇರಿ ಪಂಜರದಂತೆ ಆಗಿರುವ ದೊಡ್ಡ ಅಣುಗಳನ್ನು. ಇಂಥ ಅಣುವೂ ಅಲೆಯಂತೆ ವರ್ತಿಸಿ ಪಟ್ಟೆಗಳನ್ನು ಮೂಡಿಸುತ್ತದೆ. ಪ್ರಯೋಗಕಾರರು ಆ ಅಣುಗಳು ಪಟ್ಟೆ ಮೂಡಿಸುವ ಜಾಲರಿಗಳನ್ನು ಹೊಗುವ ಮುಂಚೆ ಲೇಸರ್ ಬೆಳಕಿನಿಂದ ಅವನ್ನು ಕಾಯಿಸಿದರು. ಕಾದ ಕಬ್ಬಿಣ ಕೆಂಪಗೆ ಹೊಳೆಯುವುದು ಎಲ್ಲರಿಗೂ ಗೊತ್ತು. ಕಾದ ಅಣುವೂ ಹಾಗೆಯೇ ಬೆಳಕಿನ ಕಣಗಳನ್ನು ಉಗುಳುತ್ತದೆ. ಲೇಸರಿನ ಶಕ್ತಿ ಏರಿಸುತ್ತ ಹೋದ ಹಾಗೆ ಪಟ್ಟೆಗಳು ಮೆಲ್ಲಮೆಲ್ಲನೆ ಮಸುಕಾದವು, ಕೊನೆಗೆ ಇಲ್ಲವಾದವು. ಎಷ್ಟು ಕಾಯಿಸಿದರೆ ಎಷ್ಟು ಮಸುಕಾಗಬೇಕು ಎಂಬ ಲೆಕ್ಕಕ್ಕೂ ಕಂಡದ್ದಕ್ಕೂ ಹೊಂದಿಕೆಯಾಯಿತು.

ಇಲ್ಲಿ ನೋಡಿದವರು ಯಾರು? ಅಣು ಉಗುಳಿದ ಬೆಳಕನ್ನು ಯಾರೂ ಹಿಡಿದಿಡಲಿಲ್ಲ, ಯಾವ ಕಣ್ಣೂ ಅದನ್ನು ಕಾಣಲಿಲ್ಲ. ಅದು ನಿರ್ವಾತ ಕೋಶದ ಗೋಡೆಗೆ ಬಡಿದು ಮುಗಿಯಿತು. ಆದರೂ ಪಟ್ಟೆ ಹೋಯಿತು. ಏಕೆಂದರೆ ಹಾಗೆ ಹೊರಟ ಬೆಳಕು ಅಣು ಎಲ್ಲಿತ್ತೆಂಬ ಸುಳಿವನ್ನು ಹೊತ್ತುಕೊಂಡು ಹೋಗಿತ್ತು. ಸುಳಿವು ಹೊರಗೆ ಸೋರಿದರೆ ಸಾಕು, ಅದನ್ನು ಓದುವವರು ಇರಬೇಕಾಗಿಲ್ಲ. ಊರಲ್ಲಿ ಒಬ್ಬರ ಕಿವಿಗೆ ಬಿದ್ದ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲವಲ್ಲ, ಕೇಳಿಸಿಕೊಂಡವರು ಅದರ ಅರ್ಥ ತಿಳಿದಿರಲಿ ಬಿಡಲಿ. ಕ್ವಾಂಟಂ ಬೆರಕೆಯ ಪಾಡೂ ಅದೇ. ಗಾಳಿಯ ಅಣು ತಾಗಿದರೂ ಸುಳಿವು ಸೋರುತ್ತದೆ, ಬೆಳಕಿನ ಕಣ ಚದುರಿದರೂ ಸೋರುತ್ತದೆ. ಭೌತವಿಜ್ಞಾನಿಗಳು ಇದನ್ನು ಡಿಕೋಹೆರೆನ್ಸ್ ಎನ್ನುತ್ತಾರೆ. ಜರ್ಮನಿಯ ಡೀಟರ್ ಝೆ ಇದರ ಬುನಾದಿ ಹಾಕಿದ್ದು 1970ರಲ್ಲಿ. ವಿಗ್ನರ್ ಮುಂದೆ ತಮ್ಮ 1961ರ ನಿಲುವನ್ನು ತಾವೇ ಕೈಬಿಟ್ಟರು, ಝೆ ಅವರ ಕೆಲಸ ಅದಕ್ಕೊಂದು ಮುಖ್ಯ ಕಾರಣ. ‘ಪ್ರಜ್ಞೆಯಿಂದಲೇ ಜಗತ್ತು’ ಎನ್ನಲು ವಿಗ್ನರ್ ಹೆಸರು ಹೇಳುವವರು ಈ ಎರಡನೆಯ ಅರ್ಧವನ್ನು ಹೇಳುವುದೇ ಇಲ್ಲ. ಇದು ಅವರಿಗೆ ಮಾಡುವ ಅನ್ಯಾಯ.

ಡಿಕೋಹೆರೆನ್ಸ್‌ನಿಂದ ಎಲ್ಲವೂ ಬಗೆಹರಿಯಿತೆಂದು ಹೇಳಿದರೆ ಅದೂ ತಪ್ಪಾಗುತ್ತದೆ. ಪಟ್ಟೆ ಏಕೆ ಹೋಗುತ್ತದೆ ಎಂಬುದನ್ನು ಅದು ವಿವರಿಸುತ್ತದೆ. ಉಳಿದ ಸಾಧ್ಯತೆಗಳಲ್ಲಿ ನಮಗೆ ಇದೇ ಒಂದು ಏಕೆ ಸಿಕ್ಕಿತು ಎಂಬುದನ್ನು ವಿವರಿಸುವುದಿಲ್ಲ. ಡೇವಿಡ್ ಬೋಮ್ 1952ರಲ್ಲಿ, ಹ್ಯೂ ಎವರೆಟ್ 1957ರಲ್ಲಿ ಈ ಪ್ರಶ್ನೆಗೆ ತೀರ ಬೇರೆ ಬೇರೆ ಉತ್ತರ ಕೊಟ್ಟರು. ಅಲೆ ತಾನಾಗಿಯೇ ಆಗೊಮ್ಮೆ ಈಗೊಮ್ಮೆ ಕುಸಿಯುತ್ತದೆ ಎಂದು 1986ರಲ್ಲಿ ಇಟಲಿಯ ಮೂವರು ಹೇಳಿದರು. ಜಗಳ ಇನ್ನೂ ಮುಗಿದಿಲ್ಲ. ಆದರೆ ಈ ಮೂರೂ ಉತ್ತರಗಳಲ್ಲಿ ಮನಸ್ಸಿಗೆ ವಿಶೇಷ ಪಾತ್ರವಿಲ್ಲ ಎಂಬುದನ್ನು ಗಮನಿಸಿ.

ನೋಡುತ್ತಲೇ ಇದ್ದರೆ ಪದಾರ್ಥ ಬದಲಾಗದೆ ನಿಂತುಬಿಡುತ್ತದೆ ಎಂಬ ಇನ್ನೂ ಸೊಗಸಾದ ಫಲಿತಾಂಶವೊಂದಿದೆ, ಅದರಲ್ಲಿ ನಮ್ಮವರ ಹೆಸರುಗಳಿವೆ. ಬೈದ್ಯನಾಥ ಮಿಶ್ರ ಮತ್ತು ಇ.ಸಿ.ಜಿ. ಸುದರ್ಶನ್ ಇದನ್ನು 1977ರಲ್ಲಿ ಗಣಿತದಿಂದ ತೋರಿಸಿದರು. ಕೇರಳದ ಸುದರ್ಶನ್ ಬೆಂಗಳೂರಿಗೂ ಸಲ್ಲುವವರು. ಭಾರತೀಯ ವಿಜ್ಞಾನ ಸಂಸ್ಥೆಯ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು 1970ರ ದಶಕದಲ್ಲಿ ಕಟ್ಟಿದವರು ಅವರೇ. ಅಮೆರಿಕದ ಬೋಲ್ಡರ್‌ನಲ್ಲಿ 1990ರಲ್ಲಿ ಇದು ಪ್ರಯೋಗದಲ್ಲೂ ಕಂಡಿತು. ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳ ಬಲೆಯಲ್ಲಿ ಹಿಡಿದ ಸುಮಾರು 5,000 ಬೆರಿಲಿಯಂ ಅಯಾನುಗಳು. ಅವನ್ನು ಒಂದು ಶಕ್ತಿಮಟ್ಟದಿಂದ ಇನ್ನೊಂದಕ್ಕೆ ಪೂರ್ತಿ ಸಾಗಿಸಲು 256 ಮಿಲಿಸೆಕೆಂಡುಗಳ ರೇಡಿಯೊ ಅಲೆ ಸಾಕು. ಆ ಅವಧಿಯಲ್ಲಿ ಚಿಕ್ಕ ಲೇಸರ್ ಮಿಡಿತಗಳನ್ನು ಹಾಯಿಸಿ ‘ಎಲ್ಲಿದ್ದೀರಿ’ ಎಂದು ವಿಚಾರಿಸುತ್ತ ಹೋದರು. ಎರಡು ಸಲ ವಿಚಾರಿಸಿದರೆ ಅರ್ಧದಷ್ಟು ಮಾತ್ರ ದಾಟಬೇಕು. ನಾಲ್ಕು ಸಲ ವಿಚಾರಿಸಿದರೆ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು. 64 ಸಲ ವಿಚಾರಿಸಿದರೆ ನೂರಕ್ಕೆ ನಾಲ್ಕು ಕೂಡ ಇಲ್ಲ. ಅಳತೆಗಳು ಈ ಲೆಕ್ಕಕ್ಕೆ ಹೊಂದಿಕೊಂಡವು.

ಬರ್ಕ್ಲಿಯ ಭೌತವಿಜ್ಞಾನಿ ಹೆನ್ರಿ ಸ್ಟಾಪ್ ಇದರಲ್ಲಿ ಮನಸ್ಸಿನ ಏಕಾಗ್ರತೆಯನ್ನು ಕಂಡರು. ಗಮನ ಎಂದರೆ ಮಿದುಳಿನ ಒಂದು ಸ್ಥಿತಿಯನ್ನು ಮತ್ತೆಮತ್ತೆ ವಿಚಾರಿಸಿ ಕದಲದಂತೆ ಹಿಡಿಯುವುದು ಎಂಬುದು ಅವರ ವಾದ. ಧ್ಯಾನದ ಅನುಭವವಿರುವವರಿಗೆ ಇದು ಬಹಳ ಹಿಡಿಸುತ್ತದೆ. ಆದರೆ ಬೋಲ್ಡರ್‌ನಲ್ಲಿ ಅಯಾನುಗಳನ್ನು ಹಿಡಿದು ನಿಲ್ಲಿಸಿದ್ದು ಲೇಸರ್, ಪ್ರಯೋಗಕಾರರ ಏಕಾಗ್ರತೆಯಲ್ಲ. ಅವರು ಆಗ ಊಟಕ್ಕೆ ಹೋಗಿದ್ದರೂ ಫಲಿತಾಂಶ ಅದೇ ಆಗಿರುತ್ತಿತ್ತು.

ಇಷ್ಟು ಹೊತ್ತು ಪ್ರಜ್ಞೆ ಪದಾರ್ಥದ ಮೇಲೆ ಏನು ಮಾಡುತ್ತದೆ ಎಂದು ನೋಡಿದೆವು. ಪ್ರಶ್ನೆಯನ್ನು ತಿರುಗಿಸಿದವರು ಗಣಿತಜ್ಞ ರೋಜರ್ ಪೆನ್‌ರೋಸ್. ಅವರ ಪ್ರಕಾರ ಕ್ವಾಂಟಂ ಕುಸಿತ ಪ್ರಜ್ಞೆಯಿಂದ ಆಗುವುದಲ್ಲ, ಕುಸಿತದಿಂದಲೇ ಪ್ರಜ್ಞೆ ಹುಟ್ಟುತ್ತದೆ. 1989ರ ಪುಸ್ತಕದಲ್ಲಿ ಅವರು ಹೊರಟದ್ದು ಕುರ್ಟ್ ಗೋಡೆಲ್ 1931ರಲ್ಲಿ ಕೊಟ್ಟ ಪ್ರಮೇಯದಿಂದ. ಅಂಕಗಣಿತವನ್ನು ಒಳಗೊಳ್ಳುವ, ವಿರೋಧಾಭಾಸವಿಲ್ಲದ ಯಾವ ನಿಯಮಾವಳಿಯಲ್ಲೂ ಸಾಧಿಸಲು ಬಾರದ ಸತ್ಯಗಳು ಉಳಿದೇ ಇರುತ್ತವೆ. ಆ ಸತ್ಯಗಳನ್ನು ಗಣಿತಜ್ಞನ ಮನಸ್ಸು ಕಾಣಬಲ್ಲದು. ಹಾಗಾಗಿ ಮನಸ್ಸು ಕಂಪ್ಯೂಟರ್ ಅಲ್ಲ. ಈ ಮೆಟ್ಟಿಲು ದುರ್ಬಲವೆಂದೇ ನನ್ನ ಅಭಿಪ್ರಾಯ. ತನ್ನ ಯೋಚನೆಯಲ್ಲಿ ವಿರೋಧಾಭಾಸವೇ ಇಲ್ಲವೆಂದು ಯಾವ ಗಣಿತಜ್ಞ ತಾನೇ ಖಾತ್ರಿಯಾಗಿ ಹೇಳಬಲ್ಲ? ಆದರೆ ಆಮೇಲಿನ ಮೆಟ್ಟಿಲುಗಳು ಪರೀಕ್ಷೆಗೆ ಒಡ್ಡಬಹುದಾದಂಥವು. ಅರಿವಳಿಕೆ ತಜ್ಞ ಸ್ಟುವರ್ಟ್ ಹ್ಯಾಮೆರಾಫ್ ಜೊತೆ ಸೇರಿ ಪೆನ್‌ರೋಸ್ ಮಿದುಳಿನೊಳಗೆ ಒಂದು ನಿರ್ದಿಷ್ಟ ಜಾಗವನ್ನೇ ತೋರಿಸಿದರು: ನರಕೋಶಗಳ ಒಳಗಿನ ಮೈಕ್ರೋಟ್ಯೂಬ್ಯೂಲ್‌ಗಳು. ಇವು ಪ್ರೋಟೀನಿನ ಟೊಳ್ಳು ಕೊಳವೆಗಳು, ಅಡ್ಡಳತೆ ಸುಮಾರು 25 ನ್ಯಾನೊಮೀಟರ್, ಎಂದರೆ ತಲೆಗೂದಲ ದಪ್ಪದ ಮೂರು ಸಾವಿರದಲ್ಲೊಂದು ಪಾಲು.

ತೊಂದರೆ ಬಂದದ್ದು ಬಿಸಿಯಿಂದ. ಇಂದಿನ ಹಲವು ಕ್ವಾಂಟಂ ಕಂಪ್ಯೂಟರುಗಳನ್ನು ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ನೂರರಲ್ಲಿ ಒಂದೆರಡು ಪಾಲು ಮಾತ್ರ ಮೇಲಿಟ್ಟು ಕಾಪಾಡಬೇಕು, ಆಗಲೂ ಬೆರಕೆ ಬೇಗ ಕೆಡುತ್ತದೆ. ಮಿದುಳು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು ಮತ್ತು ಉಪ್ಪಿನ ಅಯಾನುಗಳ ನೂಕುನುಗ್ಗಲಿನ ನಡುವೆ ಕೆಲಸ ಮಾಡುತ್ತದೆ. ಸುಳಿವು ಸೋರಲು ಇದಕ್ಕಿಂತ ಅನುಕೂಲವಾದ ಜಾಗ ಇಲ್ಲ. ಭೌತವಿಜ್ಞಾನಿ ಮ್ಯಾಕ್ಸ್ ಟೆಗ್‌ಮಾರ್ಕ್ 2000ದಲ್ಲಿ ಲೆಕ್ಕ ಹಾಕಿ, ಮಿದುಳಿನಲ್ಲಿ ಇಂಥ ಬೆರಕೆ ಹೆಚ್ಚೆಂದರೆ ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲೊಂದು ಪಾಲು ಹೊತ್ತು ಬಾಳುತ್ತದೆ ಎಂದರು. ನರಕೋಶವೊಂದು ಮಿಡಿಯಲು ಬೇಕಾಗುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲು. ಹ್ಯಾಮೆರಾಫ್ ಪಾಳೆಯದವರು 2002ರಲ್ಲಿ ಆ ಲೆಕ್ಕವನ್ನು ತಿದ್ದಿ, ಕಾಲವನ್ನು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿನವರೆಗೆ ಏರಿಸಿದರು. ಹಾಗೆ ಏರಿಸಿದರೂ ಅವರದೇ ಸಿದ್ಧಾಂತ ಕೇಳುವ ಹಲವು ಮಿಲಿಸೆಕೆಂಡುಗಳಿಗೆ ಅದು ಸಾಲದು.

ಪೆನ್‌ರೋಸ್ ಹೇಳಿದ ಕುಸಿತಕ್ಕೆ ಇನ್ನೊಂದು ಪರೀಕ್ಷೆ ನಡೆದದ್ದು ಇಟಲಿಯ ಗ್ರಾನ್ ಸಾಸೋ ಬೆಟ್ಟದ ಅಡಿಯಲ್ಲಿ, 1,400 ಮೀಟರ್ ಬಂಡೆಯ ಕೆಳಗೆ. ಗುರುತ್ವದಿಂದಲೇ ಕ್ವಾಂಟಂ ಬೆರಕೆ ಕುಸಿಯುತ್ತದೆ ಎಂಬ, ಲಾಯೋಷ್ ಡಿಯೋಶಿ ಮತ್ತು ಪೆನ್‌ರೋಸ್ ಹೆಸರಿನ ಊಹೆ ನಿಜವಾದರೆ, ಪದಾರ್ಥದಿಂದ ಅತಿ ಕ್ಷೀಣ ವಿಕಿರಣ ಹೊರಡಬೇಕೆಂದು ಅದರ ಒಂದು ರೂಪ ಹೇಳುತ್ತದೆ. ಜರ್ಮೇನಿಯಂ ಪತ್ತೆ ಸಾಧನವಿಟ್ಟು ಕಾದವರಿಗೆ ಆ ವಿಕಿರಣ ಕಾಣಲಿಲ್ಲ. ಊಹೆಯ ಅತಿ ಸರಳ ರೂಪ 2020ರಲ್ಲಿ ಬಿದ್ದುಹೋಯಿತು. ಮಾರ್ಪಡಿಸಿದ ರೂಪಗಳು ಉಳಿದಿವೆ. ಅದೇ ವರ್ಷ ಪೆನ್‌ರೋಸ್ ಅವರಿಗೆ ನೊಬೆಲ್ ಬಂತು. ಅದು ಕೃಷ್ಣರಂಧ್ರಗಳ ಮೇಲಿನ ಕೆಲಸಕ್ಕೆ, ಪ್ರಜ್ಞೆಯ ಸಿದ್ಧಾಂತಕ್ಕಲ್ಲ.

ಪೆನ್‌ರೋಸ್ ಕಡೆಗೆ ತೂಗುವ ಒಂದು ಫಲಿತಾಂಶವನ್ನೂ ಹೇಳಬೇಕು. ಕ್ಸೆನಾನ್ ಅನಿಲ ಅರಿವಳಿಕೆಯಾಗಿ ಕೆಲಸ ಮಾಡುತ್ತದೆ. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಲಿಗಳಿಗೆ ಅದರ ನಾಲ್ಕು ಐಸೊಟೋಪುಗಳನ್ನು ಬೇರೆ ಬೇರೆಯಾಗಿ ಕೊಟ್ಟಾಗ, ಪರಮಾಣು ಬೀಜಕೇಂದ್ರದಲ್ಲಿ ಸ್ಪಿನ್ ಎಂಬ ಕ್ವಾಂಟಂ ಗುಣವಿರುವ ಎರಡು ಕಡಿಮೆ ಪರಿಣಾಮ ಬೀರಿದವು. ರಾಸಾಯನಿಕವಾಗಿ ನಾಲ್ಕೂ ಒಂದೇ. ಕುತೂಹಲದ ಸಂಗತಿಯೇ ಸರಿ. ಆದರೆ ಅರಿವಳಿಕೆಯ ರಸಾಯನದಲ್ಲಿ ಸ್ಪಿನ್‌ಗೆ ಪಾತ್ರವಿದೆ ಎಂದರೆ ಅರಿವೇ ಕ್ವಾಂಟಂ ಎಂದಾಗುವುದಿಲ್ಲ. ಯೂರೋಪಿನ ರಾಬಿನ್ ಹಕ್ಕಿ ಭೂಮಿಯ ಕಾಂತಕ್ಷೇತ್ರ ಹಿಡಿದು ದಾರಿ ಕಾಣುವುದರಲ್ಲೂ ಕಣ್ಣಿನ ಪ್ರೋಟೀನೊಂದರ ಎಲೆಕ್ಟ್ರಾನ್ ಸ್ಪಿನ್‌ಗಳ ಕೈವಾಡವಿದೆಯೆಂದು ಬಲವಾಗಿ ನಂಬಲಾಗಿದೆ. ಹಕ್ಕಿಯ ಮನಸ್ಸು ಕ್ವಾಂಟಂ ಎಂದು ಅದರಿಂದ ಯಾರೂ ಹೊರಡಿಸಿಲ್ಲ.

ಹಾಗಾದರೆ ಸಾಮ್ಯವೇ ಇಲ್ಲವೆ? ಇದೆ, ಬಹಳ ಜನ ಹುಡುಕದ ಕಡೆ ಇದೆ. ಅಮೆರಿಕದ ಗ್ಯಾಲಪ್ ಸಂಸ್ಥೆ 1997ರಲ್ಲಿ ಜನರನ್ನು ಎರಡು ಪ್ರಶ್ನೆ ಕೇಳಿತು: ಬಿಲ್ ಕ್ಲಿಂಟನ್ ಪ್ರಾಮಾಣಿಕರೆ, ಅಲ್ ಗೋರ್ ಪ್ರಾಮಾಣಿಕರೆ. ಅರ್ಧ ಜನರಿಗೆ ಕ್ಲಿಂಟನ್ ಮೊದಲು, ಉಳಿದರ್ಧಕ್ಕೆ ಗೋರ್ ಮೊದಲು. ಮೊದಲು ಕೇಳಿದಾಗ ಕ್ಲಿಂಟನ್ ಪರ ನೂರಕ್ಕೆ 50 ಮಂದಿ ಹೌದೆಂದರು, ಗೋರ್ ಪರ 68. ಎರಡನೆಯದಾಗಿ ಕೇಳಿದಾಗ ಕ್ಲಿಂಟನ್ 57ಕ್ಕೆ ಏರಿದರು, ಗೋರ್ 60ಕ್ಕೆ ಇಳಿದರು. ಮೊದಲ ಉತ್ತರ ಕೊಡುವುದರಲ್ಲೇ ಮನಸ್ಸು ಬೇರೊಂದು ಸ್ಥಿತಿಗೆ ಸರಿದುಬಿಟ್ಟಿತ್ತು. ಎಲೆಕ್ಟ್ರಾನಿನ ಸ್ಪಿನ್ ಅನ್ನು ಮೊದಲು ಒಂದು ದಿಕ್ಕಿನಲ್ಲಿ, ಆಮೇಲೆ ಇನ್ನೊಂದು ದಿಕ್ಕಿನಲ್ಲಿ ಅಳೆದರೂ ಇದೇ ಆಗುತ್ತದೆ: ಕ್ರಮ ಬದಲಾದರೆ ಫಲವೂ ಬದಲಾಗುತ್ತದೆ.

ಪ್ರಶ್ನೆಯ ಕ್ರಮ ಉತ್ತರವನ್ನು ಬದಲಿಸುತ್ತದೆ ಎಂಬುದು ಸಮೀಕ್ಷೆ ಮಾಡುವವರಿಗೆಲ್ಲ ಗೊತ್ತಿರುವ ಮಾತು. ಹೊಸದೇನೆಂದರೆ, ಝೆಂಗ್ ವಾಂಗ್, ಜೆರೋಮ್ ಬುಸೆಮೈಯರ್ ಮೊದಲಾದವರು ಕ್ವಾಂಟಂ ಗಣಿತದಿಂದ ಒಂದು ಖಚಿತ ಷರತ್ತನ್ನು ಹೊರಡಿಸಿದರು. ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಹೌದು, ಇನ್ನೊಂದಕ್ಕೆ ಇಲ್ಲ ಎನ್ನುವವರ ಒಟ್ಟು ಪಾಲು ಎರಡೂ ಕ್ರಮಗಳಲ್ಲಿ ಒಂದೇ ಆಗಿರಬೇಕು. ಬಿಡಿ ಉತ್ತರಗಳು ಹೇಗೇ ಏರಿಳಿಯಲಿ, ಈ ಮೊತ್ತ ಕದಲಬಾರದು. ಕ್ಲಿಂಟನ್-ಗೋರ್ ಸಮೀಕ್ಷೆಯಲ್ಲಿ ಅದು ಎರಡೂ ಕಡೆ ನೂರಕ್ಕೆ ಸುಮಾರು 22. ಅವರು 2014ರಲ್ಲಿ ಅಮೆರಿಕದ 70 ರಾಷ್ಟ್ರೀಯ ಸಮೀಕ್ಷೆಗಳ ಅಂಕಿಗಳನ್ನು ಹಿಡಿದು ಪರೀಕ್ಷಿಸಿದಾಗ ಷರತ್ತು ಚೆನ್ನಾಗಿ ನಿಂತಿತು. ಇದರಿಂದ ಮತದಾರನ ತಲೆಯೊಳಗೆ ಎಲೆಕ್ಟ್ರಾನಿನ ಆಟ ನಡೆದಿದೆ ಎಂದಲ್ಲ. ಈ ಸಂಶೋಧಕರೂ ಹಾಗೆ ಹೇಳುವುದಿಲ್ಲ. ಪರಮಾಣುಗಳಿಗೆಂದು ಕಟ್ಟಿದ ಗಣಿತ, ಕೇಳಿದ ಕೂಡಲೇ ಬದಲಾಗುವ ಯಾವುದಕ್ಕೂ ಹೊಂದಬಲ್ಲದು ಎಂದರ್ಥ. ನನ್ನ ಮಟ್ಟಿಗೆ, ಈ ಇಡೀ ಚರ್ಚೆಯಲ್ಲಿ ಕೈಗೆ ಸಿಗುವ ಗಟ್ಟಿ ಸಾಮ್ಯ ಇದೊಂದೇ.

ನೀಲ್ಸ್ ಬೋರ್ ಇದನ್ನು ಮೊದಲೇ ಮೂಸಿದ್ದರು. ಪೌಲ್ ಮಾರ್ಟಿನ್ ಮೋಲರ್ ಎಂಬ ಡೇನಿಷ್ ಲೇಖಕನ ಕಾದಂಬರಿಯೊಂದು ಅವರಿಗೆ ಅಚ್ಚುಮೆಚ್ಚು. ಅದರಲ್ಲಿ ಒಬ್ಬ ತನ್ನ ಯೋಚನೆಯ ಬಗ್ಗೆ ಯೋಚಿಸುತ್ತ, ಆ ಯೋಚನೆಯ ಬಗ್ಗೆ ಮತ್ತೆ ಯೋಚಿಸುತ್ತ ದಾರಿ ತಪ್ಪುತ್ತಾನೆ. ತನ್ನನ್ನೇ ನೋಡಿಕೊಳ್ಳುವ ಮನಸ್ಸು ಮೊದಲಿನಂತೆ ಉಳಿಯುವುದಿಲ್ಲ ಎಂಬುದನ್ನು ಬೋರ್ ಅಳತೆಯ ಸಮಸ್ಯೆಗೆ ಹೋಲಿಸಿ ಹೇಳುತ್ತಿದ್ದರು.

ನಮ್ಮ ಕಡೆಯ ಓದುಗರು ಇಲ್ಲಿ ವೇದಾಂತವನ್ನು ನೆನೆಯದೆ ಇರುವುದಿಲ್ಲ, ನೆನೆಯಲೂಬೇಕು. ಶಂಕರರದ್ದೆಂದೂ ಶೃಂಗೇರಿಯ ಭಾರತೀತೀರ್ಥರದ್ದೆಂದೂ ಹೇಳಲಾಗುವ ‘ದೃಗ್ದೃಶ್ಯವಿವೇಕ’ ಎಂಬ ಪುಟ್ಟ ಗ್ರಂಥ ಒಂದು ಸರಪಳಿಯಿಂದಲೇ ಶುರುವಾಗುತ್ತದೆ. ರೂಪವನ್ನು ಕಣ್ಣು ಕಾಣುತ್ತದೆ, ಕಣ್ಣನ್ನು ಮನಸ್ಸು ಕಾಣುತ್ತದೆ, ಮನಸ್ಸನ್ನು ಸಾಕ್ಷಿ ಕಾಣುತ್ತದೆ, ಸಾಕ್ಷಿಯನ್ನು ಕಾಣುವುದು ಯಾವುದೂ ಇಲ್ಲ ಎಂಬುದು ಅದರ ತಾತ್ಪರ್ಯ. ಫಾನ್ ನಾಯ್ಮನ್ ಸರಪಳಿಯೂ ಉಪಕರಣ, ಕಣ್ಣು, ಮಿದುಳು ಎಂದು ಹೀಗೆಯೇ ಒಳಕ್ಕೆ ಸಾಗುತ್ತದೆ. ಆದರೆ ಕೊನೆಯ ಕೊಂಡಿಯಲ್ಲಿ ಎರಡೂ ಬೇರ್ಪಡುತ್ತವೆ. ಅದ್ವೈತದ ಸಾಕ್ಷಿ ಏನನ್ನೂ ಮಾಡುವುದಿಲ್ಲ. ಕಂಡದ್ದನ್ನು ಬದಲಿಸುವುದೂ ಇಲ್ಲ, ಕಾಣುವುದರಿಂದ ತಾನು ಬದಲಾಗುವುದೂ ಇಲ್ಲ. ಕ್ವಾಂಟಂ ಅಳತೆಯಾದರೋ ಮುಟ್ಟಿದ್ದನ್ನು ಬದಲಿಸದೆ ಬಿಡುವುದು ಅಪರೂಪ. ವಿಗ್ನರ್ ಹೇಳಿದ, ಅಲೆಯನ್ನು ಕುಸಿಯಿಸುವ ಪ್ರಜ್ಞೆ ವೇದಾಂತದ ಲೆಕ್ಕದಲ್ಲಿ ಕರ್ತೃ, ಸಾಕ್ಷಿಯಲ್ಲ. ಇವೆರಡನ್ನೂ ಒಂದೇ ಎನ್ನುವವರು ಭೌತಶಾಸ್ತ್ರವನ್ನು ಮಾತ್ರವಲ್ಲ, ಅದ್ವೈತವನ್ನೂ ಸಡಿಲ ಮಾಡುತ್ತಾರೆ.

ಶ್ರೋಡಿಂಗರ್ ಈ ಎಚ್ಚರ ತಪ್ಪಿದವರಲ್ಲ. ಉಪನಿಷತ್ತುಗಳನ್ನು ಅವರು ಮನಸಾರೆ ಮೆಚ್ಚಿದ್ದರು. ಪ್ರಜ್ಞೆ ಒಂದೇ, ಹಲವು ಎಂಬುದು ತೋರಿಕೆ ಎಂಬ ನಿಲುವನ್ನು ಅವರು ಬರೆದಿಟ್ಟದ್ದು 1925ರ ಶರತ್ಕಾಲದಲ್ಲಿ, ತಮ್ಮ ಸಮೀಕರಣ ಕಂಡುಹಿಡಿಯುವ ಕೆಲವೇ ತಿಂಗಳ ಮುಂಚೆ. ವೇದಾಂತ ಅವರಿಗೆ ಕ್ವಾಂಟಂನಿಂದ ಬಂದದ್ದಲ್ಲ. 1944ರ ‘ವಾಟ್ ಈಸ್ ಲೈಫ್’ ಪುಸ್ತಕದ ಉಪಸಂಹಾರದಲ್ಲಿ ಆತ್ಮ-ಬ್ರಹ್ಮಗಳ ಮಾತು ಬಂದಾಗಲೂ ಅದನ್ನು ಅವರು ತಮ್ಮ ಸ್ವಂತ ತಾತ್ವಿಕ ನಿಲುವೆಂದೇ ಬೇರ್ಪಡಿಸಿ ಇಟ್ಟರು. ನಂಬಿಕೆಗೆ ಸಮೀಕರಣದ ಸಾಕ್ಷ್ಯ ಹೇಳಿಸಲು ಹೋಗಲಿಲ್ಲ.

ಅರಿವು ಎಂಬುದು ಏಕಿದೆ, ಸುಮಾರು 8,600 ಕೋಟಿ ನರಕೋಶಗಳ ಮಿಡಿತಕ್ಕೆ ಒಳಗಿನಿಂದ ಒಂದು ಅನುಭವ ಏಕೆ ಅಂಟಿಕೊಂಡಿದೆ ಎಂಬ ಪ್ರಶ್ನೆಗೆ ನರವಿಜ್ಞಾನದಲ್ಲೂ ಉತ್ತರ ಸಿಕ್ಕಿಲ್ಲ. ಪ್ರಜ್ಞೆಯ ನರಮೂಲ 25 ವರ್ಷದಲ್ಲಿ ಸ್ಪಷ್ಟವಾಗುತ್ತದೆ ಎಂದು ನರವಿಜ್ಞಾನಿ ಕ್ರಿಸ್ಟಫ್ ಕಾಖ್ 1998ರಲ್ಲಿ ದಾರ್ಶನಿಕ ಡೇವಿಡ್ ಚಾಮರ್ಸ್ ಜೊತೆ ಪಣ ಕಟ್ಟಿದ್ದರು. 2023ರಲ್ಲಿ ಸೋಲೊಪ್ಪಿ ವೈನ್ ಬಾಟಲಿಗಳ ಪೆಟ್ಟಿಗೆ ಕೊಟ್ಟರು. ಅಳತೆಯದು, ಅರಿವಿನದು, ಎರಡೂ ಪ್ರಶ್ನೆಗಳು ಬಗೆಹರಿಯದೆ ಉಳಿದಿವೆ ಎಂದಮಾತ್ರಕ್ಕೆ ಎರಡಕ್ಕೂ ಉತ್ತರ ಒಂದೇ ಎಂದು ತಿಳಿಯಲು ಕಾರಣವಿಲ್ಲ. ಇರಲೂಬಹುದು. ಇದೆ ಎನ್ನುವವರು ಸಿಕ್ಕರೆ ಮರ್ಯಾದೆಯಿಂದ ಕೇಳಿ: ಮಿದುಳಿನ ಯಾವ ಭಾಗದಲ್ಲಿ, ಎಷ್ಟು ಹೊತ್ತು, ಯಾವ ಅಳತೆ ಮಾಡಿದರೆ ನಿಮ್ಮ ಮಾತು ಸುಳ್ಳಾಗುತ್ತದೆ? ಪೆನ್‌ರೋಸ್ ಊಹೆ ಇಂಥ ಪ್ರಶ್ನೆಗಳಿಗೆ ಸಿಕ್ಕುವಂತೆ ಇತ್ತು, ಅದಕ್ಕೇ ಗ್ರಾನ್ ಸಾಸೋದ ಬೆಟ್ಟದಡಿ ಅದನ್ನು ಪರೀಕ್ಷಿಸಲು ಸಾಧ್ಯವಾಯಿತು.